ಒಂದು ಗ್ರಾಂ ಉಪ್ಪು, ಎಂಟು ಪಾಲು

ಹೋದ ವಾರ ಮಗನ ಚೆಕಪ್‌ಗೆ ಮಂಗಳೂರಿಗೆ ಹೋಗಿದ್ದೆವು. ಓಪಿಡಿ ಹೊರಗೆ ಪಕ್ಕದ ಕುರ್ಚಿಯಲ್ಲಿ ಒಬ್ಬಳು ಬಾಣಂತಿ, ಕಿವಿ ಮುಚ್ಚುವ ಹಾಗೆ ತಲೆಗೆ ಶಾಲು ಕಟ್ಟಿಕೊಂಡು, ಮೂರು ವಾರದ ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು, ಡಿಸ್ಚಾರ್ಜ್ ಸಮ್ಮರಿಯ ಒಂದೇ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ನನ್ನ ಕೈಯಲ್ಲಿದ್ದ ಮಾತ್ರೆಯ ಸ್ಟ್ರಿಪ್ ಕಂಡು, "ಅಕ್ಕಾ, ಇದು ನಿಮಗೆ ಎಲ್ಲಿ ಸಿಕ್ಕಿತು? ನಾವು ಆರು ಮೆಡಿಕಲ್ ಸುತ್ತಿ ಬಂದೆವು" ಅಂದಳು. ಹೇಳಲು ಶುರು ಮಾಡಿದೆ, ಅಷ್ಟರಲ್ಲಿ ನಮ್ಮ ಟೋಕನ್ ಕರೆದರು. ಹೊರಗೆ ಬಂದಾಗ ಅವಳು ಇರಲಿಲ್ಲ. ನನ್ನ ಮಗನಿಗೆ ಹುಟ್ಟಿನಿಂದಲೇ ಸಿಎಎಚ್ ಎಂಬ ಕಾಯಿಲೆ, ಅಂದರೆ ಮೈಯಲ್ಲಿ ಉಪ್ಪು ನಿಲ್ಲದ ಹಾರ್ಮೋನ್ ತೊಂದರೆ. ಅವಳಿಗೆ ಹೇಳಬೇಕೆಂದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ತವರು ಮೂಲ್ಕಿ, ಗಂಡನ ಮನೆ ಉಡುಪಿ. ಮದುವೆಯಾದದ್ದು ಸೋದರಮಾವನ ಮಗನನ್ನು. ಇದನ್ನು ಯಾಕೆ ಹೇಳಿದೆ ಎಂಬುದು ಮುಂದೆ ಬರುತ್ತದೆ. ಹೆರಿಗೆ ಸುಸೂತ್ರವಾಗಿ ಆಯಿತು. ಗಂಡು ಮಗು, 3.1 ಕೆಜಿ. ಮೂರನೇ ದಿನ ಮನೆಗೆ ಕಳಿಸಿದರು. ಬಣ್ಣ ಸ್ವಲ್ಪ ಕಪ್ಪು. ಮೈಗಿಂತ ಮೊಲೆತೊಟ್ಟು ಮತ್ತು ಬೀಜದ ಚೀಲ ಇನ್ನೂ ಕಪ್ಪು, ಇದ್ದಿಲು ಸವರಿದ ಹಾಗೆ. ನಾನೂ ಇವರೂ ಅಷ್ಟು ಕಪ್ಪಲ್ಲ. ಮಗುವನ್ನು ಮೀಯಿಸಲು ಬರುತ್ತಿದ್ದ ಅಮ್ಮ "ಹುಟ್ಟಿದಾಗ ಕಪ್ಪಿದ್ದರೆ ಆಮೇಲೆ ಬೆಳ್ಳಗಾಗ್ತದೆ, ನೋಡಿ ಬೇಕಾದ್ರೆ" ಅಂದರು. ಎಲ್ಲರೂ ನಕ್ಕೆವು. ಅದೊಂದು ಲಕ್ಷಣ ಅಂತ ನಮಗೆ ಹೊಳೆಯಲು ಕಾರಣವೇ ಇರಲಿಲ್ಲ.

ಎಂಟನೇ ದಿನಕ್ಕೆ ವಾಂತಿ ಶುರು. ಎಳೆಮಕ್ಕಳು ಹಾಲು ಕಕ್ಕುವುದು ಹೊಸತಲ್ಲ, ಆದರೆ ಇವನು ಕುಡಿದದ್ದನ್ನೆಲ್ಲ ಹೊರಗೆ ಹಾಕುತ್ತಿದ್ದ. ಹತ್ತನೇ ದಿನ ಹತ್ತಿರದ ಡಾಕ್ಟರಲ್ಲಿಗೆ ಹೋದಾಗ ತೂಕ 2.9. ಹುಟ್ಟಿದ ತೂಕಕ್ಕೆ ವಾಪಸು ಬರಬೇಕಾದ ಸಮಯದಲ್ಲಿ ಇಳಿಯುತ್ತಿದೆ. ಅವರು ನಾನು ಹಾಲೂಡಿಸುವ ಕ್ರಮ ಸರಿಯಿಲ್ಲ ಅಂದರು. "ಮೂತ್ರ ಹೋಗ್ತಾ ಉಂಟಾ?" ಕೇಳಿದರು. ಹೋಗುತ್ತಿತ್ತು. ಗಂಟೆಗೊಂದು ಲಂಗೋಟಿ ಒದ್ದೆ. "ಹಾಗಾದ್ರೆ ನೀರಿನಂಶ ಕಡಿಮೆಯಾಗಿಲ್ಲ, ಹೆದರ್ಬೇಡಿ" ಅಂದರು. ಈ ಕಾಯಿಲೆಯ ಮೋಸ ಇರುವುದೇ ಇಲ್ಲಿ ಅಂತ ಆಮೇಲೆ ಗೊತ್ತಾಯಿತು. ಮೂತ್ರಪಿಂಡ ಉಪ್ಪನ್ನು ಹಿಡಿದಿಟ್ಟುಕೊಳ್ಳಲಾರದೆ ಹೊರಗೆ ಬಿಡುತ್ತದೆ, ಉಪ್ಪಿನ ಹಿಂದೆಯೇ ನೀರೂ ಹೋಗುತ್ತದೆ. ಮಗು ಒಣಗುತ್ತಿದ್ದರೂ ಲಂಗೋಟಿ ಒದ್ದೆಯಾಗುತ್ತಲೇ ಇರುತ್ತದೆ.

ಹನ್ನೆರಡನೇ ದಿನ ಇನ್ನೊಬ್ಬರು ಡಾಕ್ಟರು ಜಠರದ ಕೆಳಬಾಯಿ ಬಿಗಿದುಕೊಂಡಿರಬಹುದು ಅಂತ ಸ್ಕ್ಯಾನ್‌ಗೆ ಬರೆದರು. ಸ್ಕ್ಯಾನ್ ನಾರ್ಮಲ್. ಆ ತೊಂದರೆಯಲ್ಲಿ ರಕ್ತದ ಪೊಟ್ಯಾಸಿಯಂ ಸಾಮಾನ್ಯವಾಗಿ ಇಳಿಯುತ್ತದಂತೆ, ನಮ್ಮ ಮಗನ ಕಾಯಿಲೆಯಲ್ಲಿ ಏರುತ್ತದೆ. 400 ರೂಪಾಯಿಯ ಒಂದು ರಕ್ತಪರೀಕ್ಷೆ ಎರಡನ್ನೂ ಬೇರೆ ಮಾಡಿ ತೋರಿಸುತ್ತಿತ್ತು. ಹಾಗಾಗಿ ಎರಡು ಮೂರು ವಾರದ ಮಗು ವಾಂತಿ ಮಾಡಿಕೊಂಡು ತೂಕ ಇಳಿಯುತ್ತಿದ್ದರೆ, ಬಾಯಿಬಿಟ್ಟು ಕೇಳಿ: "ಸೋಡಿಯಂ, ಪೊಟ್ಯಾಸಿಯಂ, ಶುಗರ್ ನೋಡಿದ್ದೀರಾ?" ಡಾಕ್ಟರಿಗೆ ಬೇಸರವಾದರೆ ಆಗಲಿ.

ಆ ಸಂಜೆ ಅಜ್ಜಿ, ಅಂದರೆ ನನಗೂ ಇವರಿಗೂ ಒಬ್ಬರೇ ಅಜ್ಜಿ, ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದರು. ಮೆಣಸಿನ ಘಾಟು ಬರಲಿಲ್ಲ. ಘಾಟು ಬರದಿದ್ದರೆ ದೃಷ್ಟಿ ಜೋರಾಗಿ ತಾಗಿದೆ ಅಂತ ಲೆಕ್ಕ. ಉಪ್ಪನ್ನು ಮಗುವಿನ ಸುತ್ತ ಮೂರು ಸುತ್ತು ತಿರುಗಿಸಿ ಬೆಂಕಿಗೆ ಹಾಕಿದ ಆ ಹೊತ್ತನ್ನು ಈಗಲೂ ಆಗಾಗ ನೆನೆಯುತ್ತೇನೆ.

ಹದಿನಾಲ್ಕನೇ ರಾತ್ರಿ ಮಗು ಅಳುವುದನ್ನು ನಿಲ್ಲಿಸಿತು. ಎತ್ತಿದರೆ ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು. ಅಂಗಾಲು ತಣ್ಣಗೆ. ತಮ್ಮ ಕಾರು ತೆಗೆದ, ಸುರತ್ಕಲ್ ದಾಟಿ ಮಂಗಳೂರಿಗೆ ತಲುಪುವಾಗ ರಾತ್ರಿ ಒಂದೂಕಾಲು. ಕ್ಯಾಶುಯಾಲ್ಟಿಯಲ್ಲಿದ್ದದ್ದು ಒಬ್ಬಳು ಚಿಕ್ಕ ಪ್ರಾಯದ ಡ್ಯೂಟಿ ಡಾಕ್ಟರ್, ಪಿಜಿ ಓದುವವಳು. ಮಗುವಿನ ಬಟ್ಟೆ ಬಿಚ್ಚಿದವಳೇ ಟಾರ್ಚು ಹಿಡಿದು, "ಈ ಬಣ್ಣ ಹುಟ್ಟಿದಾಗಿನಿಂದ ಹೀಗೆಯಾ?" ಅಂತ ಕೇಳಿದಳು. ಹದಿನಾಲ್ಕು ದಿನದಲ್ಲಿ ಆ ಪ್ರಶ್ನೆ ಕೇಳಿದ ಮೊದಲ ಡಾಕ್ಟರ್ ಅವಳು.

ಸೋಡಿಯಂ 116, ತೀರಾ ಕಡಿಮೆ. ಪೊಟ್ಯಾಸಿಯಂ 7.9, ತೀರಾ ಹೆಚ್ಚು. ಶುಗರ್ 41, ಅದೂ ಕಡಿಮೆ. ಪೊಟ್ಯಾಸಿಯಂ ಅಷ್ಟು ಕಂಡದ್ದಕ್ಕೆ ಲ್ಯಾಬಿನವರು, ರಕ್ತ ತೆಗೆಯುವಾಗ ಕಣ ಒಡೆದಿರಬೇಕು, ಇನ್ನೊಮ್ಮೆ ಕಳಿಸಿ ಅಂದರಂತೆ. ಅವಳು ಇನ್ನೊಮ್ಮೆ ಕಳಿಸಿದಳು, ಆದರೆ ಅದಕ್ಕೆ ಕಾಯುತ್ತಾ ಕೂರಲಿಲ್ಲ. ಇಸಿಜಿ ಮಾಡಿಸಿದಳು, ಸಲೈನ್ ಮತ್ತು ಗ್ಲೂಕೋಸ್ ಹಾಕಿಸಿದಳು, ಹಾರ್ಮೋನ್ ಪರೀಕ್ಷೆಗೆ ಒಂದು ಟ್ಯೂಬು ರಕ್ತ ತೆಗೆದಿಟ್ಟು ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ಕೊಟ್ಟಳು. ಈ ಕ್ರಮ ಮುಖ್ಯ: ಸಾಧ್ಯವಾದರೆ ಮೊದಲು ರಕ್ತ, ಆಮೇಲೆ ಇಂಜೆಕ್ಷನ್, ವರದಿಗಾಗಿ ಮಾತ್ರ ಕಾಯಬಾರದು. 17-ಓಎಚ್‌ಪಿ ಎಂಬ ಆ ಹಾರ್ಮೋನ್ ಪರೀಕ್ಷೆಯ ವರದಿ ನಮಗೆ ಬಂದದ್ದು ಐದನೇ ದಿನ. ಅಷ್ಟು ಕಾದಿದ್ದರೆ ಈಗ ನಾನು ಇದನ್ನು ಬರೆಯುತ್ತಿರಲಿಲ್ಲ.

ಬೆಳಿಗ್ಗೆ ಎಂಡೋಕ್ರೈನಾಲಜಿಸ್ಟ್ ಬಂದು ಬಿಳಿ ಹಾಳೆಯಲ್ಲಿ ಚಿತ್ರ ಬರೆದರು. ಎರಡು ಮೂತ್ರಪಿಂಡ, ಪ್ರತಿಯೊಂದರ ತಲೆಯ ಮೇಲೊಂದು ಗ್ರಂಥಿ. "ಮುಟ್ಟಾಳೆ ಇಟ್ಟ ಹಾಗೆ ಉಂಟಲ್ಲ, ಇದೇ ಅಡ್ರಿನಲ್." ಅಲ್ಲಿ 21-ಹೈಡ್ರಾಕ್ಸಿಲೇಸ್ ಎಂಬ ಕಿಣ್ವ ಇವನಿಗೆ ಇಲ್ಲ. ಹಾಗಾಗಿ ಕಾಯಿಲೆ ಬಂದಾಗ ಮೈ ತಾಳಿಕೊಳ್ಳಲು ಬೇಕಾದ ಕಾರ್ಟಿಸೋಲ್ ಆಗುವುದಿಲ್ಲ, ಉಪ್ಪು ಹಿಡಿದಿಡುವ ಅಲ್ಡೋಸ್ಟೆರೋನೂ ಆಗುವುದಿಲ್ಲ. ಮೆದುಳಿನ ಕೆಳಗಿನ ಪಿಟ್ಯುಟರಿ "ಮಾಡು, ಮಾಡು" ಅಂತ ಗ್ರಂಥಿಯನ್ನು ಅಟ್ಟುತ್ತಲೇ ಇರುತ್ತದೆ. ಆ ಅಟ್ಟುವ ಹಾರ್ಮೋನೇ ಚರ್ಮವನ್ನು ಕಪ್ಪು ಮಾಡುವುದು. ಹೀಗೆ ಅಟ್ಟಿಸಿಕೊಂಡ ಗ್ರಂಥಿ ಊದಿಕೊಂಡು, ತನಗೆ ಗೊತ್ತಿರುವ ಒಂದೇ ದಾರಿಯಲ್ಲಿ ಗಂಡು ಹಾರ್ಮೋನನ್ನು ಅತಿಯಾಗಿ ಮಾಡುತ್ತದೆ. ಹೆಸರು ಕಂಜೆನಿಟಲ್ ಅಡ್ರಿನಲ್ ಹೈಪರ್‌ಪ್ಲೇಸಿಯಾ, ಚುಟುಕಾಗಿ ಸಿಎಎಚ್.

ಹೆಣ್ಣು ಮಗುವಾದರೆ ಆ ಗಂಡು ಹಾರ್ಮೋನಿನಿಂದ ಹುಟ್ಟುವಾಗಲೇ ಜನನಾಂಗ ಬೇರೆ ರೀತಿ ಕಾಣಿಸಬಹುದು, ಹಾಗಾಗಿ ಎಷ್ಟೋ ಸಲ ಆಗಲೇ ಅನುಮಾನ ಬರುತ್ತದೆ. ಅಂಥ ಮನೆಯವರಿಗೆ ಒಂದು ಮಾತು: ಕ್ರೋಮೋಸೋಮ್ ವರದಿ ಬರುವ ತನಕ ಗಂಡು ಹೆಣ್ಣು ಅಂತ ಯಾರಿಗೂ ಹೇಳಲು ಹೋಗಬೇಡಿ, ಜನನ ನೋಂದಣಿಗೆ 21 ದಿನ ಸಮಯ ಇದೆ. ಗಂಡು ಮಕ್ಕಳಲ್ಲಿ ಹೊರಗೆ ಏನೂ ಕಾಣುವುದಿಲ್ಲ, ಬಣ್ಣವೊಂದು ಬಿಟ್ಟು.

ಆಮೇಲೆ ಡಾಕ್ಟರು ಕೇಳಿದರು, "ಸಂಬಂಧದಲ್ಲಿ ಮದುವೆಯಾ? ಕುಟುಂಬದಲ್ಲಿ ಸಣ್ಣ ಮಕ್ಕಳು ತೀರಿಕೊಂಡದ್ದು ಉಂಟಾ?" ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಇಲ್ಲ ಅಂದೆ. ಬಾಗಿಲ ಹತ್ತಿರ ನಿಂತಿದ್ದ ಅಜ್ಜಿ, "ನನ್ನ ಎರಡನೆಯವ" ಅಂದರು. ನಾವು ಯಾರೂ ಕೇಳದ ಮಾತು. ನನ್ನ ಅಮ್ಮನಿಗೂ ಗೊತ್ತಿರಲಿಲ್ಲ. "ಹದಿನೆಂಟು ದಿನ ಇದ್ದ. ಹೀಗೆಯೇ ಕಕ್ಕುತ್ತಿದ್ದ. ಬಾಲಗ್ರಹ ಅಂದ್ರು." ಅಷ್ಟು ಹಿಂದಿನದ್ದು ಇದೇ ಕಾಯಿಲೆ ಅಂತ ಈಗ ಹೇಳಲಾಗುವುದಿಲ್ಲ ಅಂದರು ಡಾಕ್ಟರು. ಅಜ್ಜಿ ತಲೆಯಾಡಿಸಿ, ಹೋಗಿ ಕಾರಿಡಾರಿನ ಕುರ್ಚಿಯಲ್ಲಿ ಕೂತರು. ಮಧ್ಯಾಹ್ನದ ತನಕ ಅಲ್ಲಿಯೇ ಕೂತಿದ್ದರು, ಚಾ ಕೊಟ್ಟರೂ ಬೇಡ ಅಂದರು.

ಎನ್‌ಐಸಿಯುನಲ್ಲಿ, ಅಂದರೆ ಎಳೆಮಕ್ಕಳ ತೀವ್ರ ನಿಗಾ ಘಟಕದಲ್ಲಿ, ಒಂಬತ್ತು ದಿನ. ಸೋಡಿಯಂ ಸರಸರ ಏರಿಸುವ ಹಾಗಿಲ್ಲ, ಮೆದುಳಿಗೆ ತೊಂದರೆ. ನಿಧಾನವಾಗಿ 120, 124, 129 ಅಂತ ಏರುತ್ತಿತ್ತು. ದಿನಕ್ಕೆ ಮೂರು ಸಲ ನೋಡಲು ಬಿಡುತ್ತಿದ್ದರು. ಉಳಿದ ಹೊತ್ತು ಹೊಲಿಗೆ ಹಾಕಿದ ಮೈಯಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಹಾಲು ಹಿಂಡಿ ಕಳಿಸುವುದು. ಕೂರಲು ಮನೆಯಿಂದ ದಿಂಬು ತನ್ನಿ, ಯಾರೂ ಹೇಳುವುದಿಲ್ಲ. ಅಲ್ಲಿಯೇ ಒಂದು ದಿನ ಹೆರಿಗೆಯ ಫೈಲು ತೆರೆದು ನೋಡಿದೆ. ಡಿಸ್ಚಾರ್ಜಿನ ದಿನ ಸಹಿ ಹಾಕಿದ ಹಾಳೆಗಳ ನಡುವೆ ಒಂದರಲ್ಲಿ "ನ್ಯೂಬಾರ್ನ್ ಸ್ಕ್ರೀನಿಂಗ್" ಎಂದಿತ್ತು, ಎದುರು "ಬೇಡ" ಎಂಬಲ್ಲಿ ಟಿಕ್, ಕೆಳಗೆ ನನ್ನದೇ ಸಹಿ. ಹಿಮ್ಮಡಿಗೆ ಚುಚ್ಚಿ ನಾಲ್ಕು ಹನಿ ರಕ್ತವನ್ನು ಕಾಗದಕ್ಕೆ ಇಳಿಸುವ ಪರೀಕ್ಷೆ, ಹುಟ್ಟಿದ 48 ಗಂಟೆಯ ನಂತರ ಮಾಡುವುದು. ಅದರ ಪಟ್ಟಿಯಲ್ಲಿ ಸಿಎಎಚ್ ಕೂಡ ಇತ್ತು. ಟಿಕ್ ಹಾಕಿದ್ದು ನಾನೋ ಇನ್ಯಾರೋ, ನೆನಪಿಲ್ಲ. ಯಾರೂ ವಿವರಿಸಲಿಲ್ಲ, ನಾನೂ ಕೇಳಲಿಲ್ಲ. ಬಸುರಿಯರು ಇದನ್ನು ಓದುತ್ತಿದ್ದರೆ, ಆ ಹಾಳೆಯನ್ನು ಓದಿ ಸಹಿ ಹಾಕಿ.

ಬಿಲ್ಲು 1,18,000. ಹಾರ್ಮೋನ್ ಪರೀಕ್ಷೆಗೆ ಬೇರೆ 1,700. ಇವರ ಕಂಪನಿಯ ಗ್ರೂಪ್ ಇನ್ಶೂರೆನ್ಸ್ ಇತ್ತು, ಕ್ಯಾಶ್‌ಲೆಸ್ ಸಿಗಲಿಲ್ಲ. ಕಾರಣ "ಕಂಜೆನಿಟಲ್" ಎಂಬ ಒಂದೇ ಪದ. ಹುಟ್ಟಿನಿಂದ ಬಂದದ್ದಕ್ಕೆ ಕೊಡುವುದಿಲ್ಲ ಅಂತ ಮೇಲ್ ಬಂತು. ಪಾಲಿಸಿಯ ಸಣ್ಣ ಅಕ್ಷರ ಓದಿದರೆ ಅದರಲ್ಲಿ ಹೊರಗಿಟ್ಟದ್ದು ಹೊರಗೆ ಕಾಣುವ ಜನ್ಮಜಾತ ದೋಷಗಳನ್ನು ಮಾತ್ರ. ಡಾಕ್ಟರ ಹತ್ತಿರ ಇದು ದೇಹದ ಒಳಗಿನ ಹಾರ್ಮೋನ್ ತೊಂದರೆ, ತುರ್ತಾಗಿ ಸೇರಿಸಬೇಕಾಯಿತು ಅಂತ ಒಂದು ಪತ್ರ ಬರೆಸಿ ಪುನಃ ಹಾಕಿದೆವು. ಇನ್ನೊಂದು ಕಿರಿಕಿರಿ ಹೆಸರಿನದ್ದು. ಒಂದು ವರದಿಯಲ್ಲಿ "ಬೇಬಿ ಆಫ್" ಅಂತ ನನ್ನ ಮದುವೆಗೆ ಮುಂಚಿನ ಹೆಸರು, ಇನ್ನೊಂದರಲ್ಲಿ ಗಂಡನ ಹೆಸರು ಸೇರಿಸಿದ್ದು, ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರೇ ಖಾಲಿ. ಮೂರೂ ಒಂದೇ ಮಗು ಅಂತ ಆಸ್ಪತ್ರೆಯಿಂದ ಬರೆಸಿಕೊಳ್ಳಲು ಎರಡು ಸಲ ಹೋಗಬೇಕಾಯಿತು. ನಾಲ್ಕು ತಿಂಗಳ ನಂತರ 74,000 ಬಂತು. ಬಿಪಿಎಲ್ ಕಾರ್ಡಿನವರು ಅಡ್ಮಿಷನ್ ದಿನವೇ ಆಸ್ಪತ್ರೆಯಲ್ಲಿ ಸರಕಾರಿ ಆರೋಗ್ಯ ಯೋಜನೆಯ ಸಹಾಯಕ್ಕೆಂದು ಇರುವ ಆರೋಗ್ಯಮಿತ್ರರನ್ನು ಹೋಗಿ ಕಾಣಿ. ಬಿಲ್ಲು ಕಟ್ಟಿದ ಮೇಲೆ ಹೋದರೆ ಕಥೆಯೇ ಬೇರೆ.

ಮನೆಗೆ ಬರುವಾಗ ಕೈಯಲ್ಲಿದ್ದದ್ದು ಮೂರು: ಕಾರ್ಟಿಸೋಲ್ ಬದಲಿಗೆ ಹೈಡ್ರೋಕಾರ್ಟಿಸೋನ್ ದಿನಕ್ಕೆ ಮೂರು ಹೊತ್ತು, ಅಲ್ಡೋಸ್ಟೆರೋನ್ ಬದಲಿಗೆ ಫ್ಲುಡ್ರೋಕಾರ್ಟಿಸೋನ್ ದಿನಕ್ಕೊಂದು, ಮತ್ತು ಉಪ್ಪು ದಿನಕ್ಕೊಂದು ಗ್ರಾಂ, ಎಂಟು ಪಾಲು ಮಾಡಿ ಹಾಲಿನೊಟ್ಟಿಗೆ. ಹೈಡ್ರೋಕಾರ್ಟಿಸೋನ್ ಮಾತ್ರೆ 5 ಮಿಲಿಗ್ರಾಮಿನದ್ದು, ಮಗುವಿಗೆ ಬೇಕಾದದ್ದು ಒಂದು ಹೊತ್ತಿಗೆ 1 ಮಿಲಿಗ್ರಾಂ. ಆಸ್ಪತ್ರೆಯ ಫಾರ್ಮಸಿಯವರು ಅದನ್ನು ಪುಡಿ ಮಾಡಿ ತಿಂಗಳಿಗೆ 90 ಪೊಟ್ಟಣ ಕಟ್ಟಿಕೊಡುತ್ತಿದ್ದರು. ಒಳಲೆಯಲ್ಲಿ ಸ್ವಲ್ಪ ಹಾಲಿಗೆ ಬೆರೆಸಿ ಬಾಯಿಯ ಬದಿಯಿಂದ ಇಳಿಸಬೇಕು. ಕಹಿ. ಮೊದಲ ವಾರ ಅರ್ಧ ನನ್ನ ಸೆರಗಿಗೇ ಹೋಯಿತು.

ಉಪ್ಪಿನದ್ದು ಬೇರೆ ಪಜೀತಿ. "ವರ್ಷ ತುಂಬುವ ತನಕ ಮಗುವಿಗೆ ಉಪ್ಪು ಕೊಡ್ಬಾರ್ದು" ಅಂತ ಅತ್ತೆ ಹಟ ಹಿಡಿದರು. ಅವರು ಹೇಳಿದ್ದು ಬೇರೆ ಮಕ್ಕಳಿಗೆ ಸರಿಯೇ. ಕೊನೆಗೆ ಡಾಕ್ಟರಿಗೆ ಫೋನ್ ಹಚ್ಚಿ ಅವರ ಕೈಗೆ ಕೊಟ್ಟೆ. ಸರಿ, ಒಂದು ಗ್ರಾಂ ತೂಗುವುದು ಹೇಗೆ? ಫಾರ್ಮಸಿಯವರು ಉಪ್ಪು ನಮ್ಮ ಕೆಲಸ ಅಲ್ಲ ಅಂದರು. ಅಡುಗೆಮನೆಯ ಚಮಚದಲ್ಲಿ ಅಂದಾಜು ಮಾಡಲು ಧೈರ್ಯ ಬರಲಿಲ್ಲ. ಇವರು ನಮ್ಮ ಬೀದಿಯ ಚಿನ್ನದ ಕೆಲಸದ ಆಚಾರ್ರಲ್ಲಿಗೆ ಅರ್ಧ ಕೆಜಿ ಪುಡಿ ಉಪ್ಪು ತೆಗೆದುಕೊಂಡು ಹೋದರು. ಆಚಾರ್ರು ತಟ್ಟೆ ಒರೆಸಿ, ಫ್ಯಾನ್ ಆಫ್ ಮಾಡಿ, ಗಾಳಿಯಾಡದ ಹಾಗೆ ಗಾಜಿನ ಬಾಗಿಲು ಹಾಕಿ, ಮೂಗುತಿಯ ಕಲ್ಲು ಕಟ್ಟುವ ಗುಲಾಬಿ ಕಾಗದದಲ್ಲಿ 30 ಪೊಟ್ಟಣ ಕಟ್ಟಿದರು. "ಇಷ್ಟು ಕಡಿಮೆ ಬೆಲೆಯದ್ದನ್ನು ಇಷ್ಟು ಜಾಗ್ರತೆಯಿಂದ ತೂಗಿದ್ದು ಇದೇ ಮೊದಲು ಮಾರಾಯ್ರೆ" ಅಂದರಂತೆ. ದುಡ್ಡು ತೆಗೆದುಕೊಳ್ಳಲಿಲ್ಲ. ಆಮೇಲೆ ಪ್ರತಿ ಸಂಕ್ರಾಂತಿಗೆ ಅವರೇ ಕಟ್ಟಿಡುತ್ತಿದ್ದರು. ಒಂದು ಪೊಟ್ಟಣವನ್ನು ಕುದಿಸಿ ಆರಿಸಿದ 16 ಎಂಎಲ್ ನೀರಿಗೆ ಹಾಕಿ, ಹಾಲಿಗೊಮ್ಮೆ 2 ಎಂಎಲ್.

ಫ್ಲುಡ್ರೋಕಾರ್ಟಿಸೋನ್ ಸಾಮಾನ್ಯ ಮೆಡಿಕಲ್‌ಗಳಲ್ಲಿ ಇರುವುದಿಲ್ಲ. ದೊಡ್ಡ ಆಸ್ಪತ್ರೆಗಳ ಎದುರಿನ ಅಂಗಡಿಗಳಲ್ಲಿ ಹೇಳಿಟ್ಟರೆ ಎರಡು ಮೂರು ದಿನದಲ್ಲಿ ತರಿಸಿಕೊಡುತ್ತಾರೆ. ನಮಗೆ ಐದನೇ ತಿಂಗಳಲ್ಲಿ ಉಡುಪಿ, ಮಣಿಪಾಲ, ಹಂಪನಕಟ್ಟೆ, ಎಲ್ಲಿ ಕೇಳಿದರೂ "ಸ್ಟಾಕ್ ಇಲ್ಲ, ಕಂಪನಿಯಿಂದಲೇ ಬರ್ತಾ ಇಲ್ಲ". ಮನೆಯಲ್ಲಿದ್ದದ್ದು ನಾಲ್ಕು ಮಾತ್ರೆ. ಬೆಂಗಳೂರಿನಲ್ಲಿರುವ ನನ್ನ ಚಿಕ್ಕಮ್ಮನ ಮಗ ಜಯನಗರದಿಂದ ಹಿಡಿದು ಹುಡುಕಿ, ರಾತ್ರಿ ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸಿದ. ಅಂದಿನಿಂದ ಎರಡು ತಿಂಗಳಿನದ್ದು ಮುಂಗಡ ಇಟ್ಟುಕೊಳ್ಳುತ್ತೇವೆ. ಒಂದು ಸ್ಟ್ರಿಪ್ ಮುಗಿಯುವಾಗ ಕೊಳ್ಳುವುದಲ್ಲ, ಒಂದು ಸ್ಟ್ರಿಪ್ ತೆರೆಯುವಾಗ ಕೊಳ್ಳಬೇಕು.

ಮದ್ದಿನ ಹೆಸರು ಕೇಳಿದ ನೆಂಟರೆಲ್ಲ "ಸ್ಟಿರಾಯ್ಡಾ! ಮಗುವಿಗೆ?" ಅಂತ ಬಾಯಿಗೆ ಕೈ ಇಟ್ಟವರೇ. ಒಬ್ಬರು ಘಟ್ಟದ ಮೇಲಿನ ನಾಟಿ ಮದ್ದಿನವರ ನಂಬರ್ ಕೂಡ ಕಳಿಸಿದರು. ಮೈ ತಾನೇ ಮಾಡಿಕೊಳ್ಳಬೇಕಾದ ಹಾರ್ಮೋನನ್ನು ನಾವು ಹೊರಗಿನಿಂದ ಕೊಡುವುದು, ಜೀವಮಾನವಿಡೀ ಬೇಕು, ಒಂದು ದಿನವೂ ತಪ್ಪಿಸುವ ಹಾಗಿಲ್ಲ. ಇಷ್ಟನ್ನು ಹೇಳಿ ಹೇಳಿ ಸಾಕಾಗಿ, ಆಮೇಲೆ "ಥೈರಾಯ್ಡ್ ಮಾತ್ರೆಯ ಹಾಗೆ" ಅನ್ನಲು ಶುರು ಮಾಡಿದೆ. ಅದು ಎಲ್ಲರಿಗೂ ಅರ್ಥವಾಗುತ್ತದೆ, ಯಾಕೆಂದರೆ ಪ್ರತಿ ಮನೆಯಲ್ಲಿ ಒಬ್ಬರಾದರೂ ಅದನ್ನು ತಿನ್ನುತ್ತಿರುತ್ತಾರೆ.

ಜ್ವರದ ನಿಯಮ ಬೇರೆ. ನಮಗೆ ಬರೆದುಕೊಟ್ಟದ್ದು: 38.5 ಡಿಗ್ರಿ ಸೆಲ್ಸಿಯಸ್, ಅಂದರೆ ನಮ್ಮ ಥರ್ಮಾಮೀಟರಿನ 101.3 ದಾಟಿದರೆ ಹೈಡ್ರೋಕಾರ್ಟಿಸೋನ್ ಹೆಚ್ಚಿಸಬೇಕು. ಮಾತ್ರೆ ವಾಂತಿಯಾದರೆ ಮತ್ತೊಮ್ಮೆ ಕೊಡಬೇಕು, ಅದೂ ನಿಲ್ಲದಿದ್ದರೆ ತೊಡೆಗೆ ಇಂಜೆಕ್ಷನ್ ಕೊಟ್ಟು ಆಸ್ಪತ್ರೆಗೆ ಓಡಬೇಕು. ಪ್ರಮಾಣ ನಿಮ್ಮ ಡಾಕ್ಟರು ನಿಮ್ಮ ಮಗುವಿಗೆ ಬರೆದದ್ದೇ ಇರಲಿ, ನನ್ನದನ್ನು ನೋಡಿ ಕೊಡಬೇಡಿ. ನರ್ಸ್ ನನಗೆ ಮೂಸಂಬಿಗೆ ಚುಚ್ಚಿಸಿ ಕಲಿಸಿದ್ದರು. ಮೂಸಂಬಿ ಅಳುವುದಿಲ್ಲ.

ಎಂಟನೇ ತಿಂಗಳು, ಆಟಿಯ ಮಳೆ, ಕರೆಂಟಿಲ್ಲ. ರಾತ್ರಿ ಹನ್ನೊಂದಕ್ಕೆ ವಾಂತಿ. ಮದ್ದು ಕೊಟ್ಟೆ, ಹೋಯಿತು. ಮತ್ತೆ ಕೊಟ್ಟೆ, ಅದೂ ಹೋಯಿತು. ಕಣ್ಣು ಮೇಲಕ್ಕೆ ಮಾಡಿ ತೂಕಡಿಸತೊಡಗಿದ. ಇವರು ಮೊಬೈಲ್ ಟಾರ್ಚ್ ಹಿಡಿದರು. 100 ಮಿಲಿಗ್ರಾಮಿನ ಸೀಸೆಗೆ 2 ಎಂಎಲ್ ನೀರು ಹಾಕಿ, ಅಂಗೈಗಳ ನಡುವೆ ಹೊರಳಿಸಿ, ಅರ್ಧ ಎಂಎಲ್ ಎಳೆದೆ: 25 ಮಿಲಿಗ್ರಾಂ. ಸಿರಿಂಜಿನ ಗೆರೆ ಕಾಣುತ್ತಿರಲಿಲ್ಲ, ಇವರ ಕೈ ಅಷ್ಟು ನಡುಗುತ್ತಿತ್ತು. "ನೀವು ಟಾರ್ಚನ್ನು ಕಪಾಟಿನ ಮೇಲೆ ಇಟ್ಟು ಮಗುವಿನ ಕಾಲು ಹಿಡಿದುಕೊಳ್ಳಿ" ಅಂದೆ. ತೊಡೆಯ ಹೊರಬದಿ, ನೇರಕ್ಕೆ ಚುಚ್ಚಿದೆ. ಅವನು ಕಿರುಚಿದ. ಕಿರುಚಿದ್ದು ಕೇಳಿ ನನಗೆ ಜೀವ ಬಂದಂತಾಯಿತು.

ಹತ್ತಿರದ ಆಸ್ಪತ್ರೆಯಲ್ಲಿ ರಾತ್ರಿ ಇದ್ದವರು, "ಡಾಕ್ಟರು ಹೇಳದೆ ನೀವೇ ಸ್ಟಿರಾಯ್ಡ್ ಕೊಟ್ಟದ್ದಾ?" ಅಂತ ನನ್ನನ್ನೇ ವಿಚಾರಣೆಗೆ ನಿಲ್ಲಿಸಿದರು. ಬ್ಯಾಗಿನಲ್ಲಿದ್ದ ಪತ್ರ ತೆಗೆದು ಮೇಜಿನ ಮೇಲಿಟ್ಟೆ. ಓದುತ್ತಿದ್ದ ಹಾಗೆ ಧ್ವನಿ ಬದಲಾಯಿತು, ಹತ್ತು ನಿಮಿಷದಲ್ಲಿ ಸಲೈನ್ ಹಾಕಿದರು. ಆ ಪತ್ರವನ್ನು ಡಾಕ್ಟರ ಲೆಟರ್‌ಹೆಡ್‌ನಲ್ಲಿ ಟೈಪ್ ಮಾಡಿಸಿ ಇಟ್ಟುಕೊಳ್ಳಿ; ಕೈಬರಹ ಬೇಡ, ರಾತ್ರಿ ಎರಡು ಗಂಟೆಗೆ ಅದನ್ನು ಓದುವ ತಾಳ್ಮೆ ಯಾರಿಗೂ ಇರುವುದಿಲ್ಲ. ಕಾಯಿಲೆಯ ಹೆಸರು, ತುರ್ತು ಪ್ರಮಾಣ, ಯಾವ ಸಲೈನ್, ಯಾರಿಗೆ ಫೋನ್ ಮಾಡಬೇಕು, ಇಷ್ಟು ಇದ್ದರೆ ಸಾಕು. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಮಳೆ ನಮ್ಮ ಊರಿನದ್ದು.

ಜೀನ್ ಪರೀಕ್ಷೆ ಹತ್ತನೇ ತಿಂಗಳಲ್ಲಿ ಮಾಡಿಸಿದೆವು, ಮೂವರದ್ದೂ ಸೇರಿ 26,000, ವರದಿಗೆ ಆರು ವಾರ. ಸಿವೈಪಿ21ಎ2 ಎಂಬ ಈ ಜೀನಿನ ಪಕ್ಕದಲ್ಲೇ ಕೆಲಸಕ್ಕೆ ಬಾರದ ಅದರ ತದ್ರೂಪು ಒಂದು ಕೂತಿದೆಯಂತೆ, ಸಾಮಾನ್ಯ ಜೀನ್ ಪರೀಕ್ಷೆ ಎರಡನ್ನೂ ಗಲಿಬಿಲಿ ಮಾಡಿಕೊಳ್ಳಬಹುದು. ಲ್ಯಾಬ್ ಈ ಜೀನನ್ನು ಬೇರೆಯಾಗಿ ನೋಡುತ್ತದಾ ಅಂತ ದುಡ್ಡು ಕಟ್ಟುವ ಮೊದಲೇ ಕೇಳಿ. ನಮ್ಮಿಬ್ಬರಲ್ಲೂ ಒಂದೊಂದು ಕೆಟ್ಟ ಪ್ರತಿ. ಮುಂದಿನ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ವರದಿ ಬಂದ ದಿನ ಅತ್ತೆ, "ನಾವೇ ನೋಡಿ ಮಾಡಿದ ಸಂಬಂಧ" ಅಂತ ಒಮ್ಮೆ ಹೇಳಿ ಸುಮ್ಮನಾದರು. ಇನ್ನೊಂದು ಮಗುವಿನ ಮಾತು ಮನೆಯಲ್ಲಿ ಸದ್ಯಕ್ಕೆ ಯಾರೂ ಎತ್ತುತ್ತಿಲ್ಲ.

ಈಗ ಮೂರು ತಿಂಗಳಿಗೊಮ್ಮೆ ಚೆಕಪ್. ಉದ್ದ, ತೂಕ, ಬಿಪಿ, 17-ಓಎಚ್‌ಪಿ, ಸೋಡಿಯಂ. ಮದ್ದು ಕಡಿಮೆಯಾದರೆ ಗಂಡು ಹಾರ್ಮೋನ್ ಏರಿ ಈಗ ಬೇಗ ಬೆಳೆದು ಮುಂದೆ ಕುಳ್ಳಾಗುತ್ತಾನೆ, ಹೆಚ್ಚಾದರೆ ಬೆಳವಣಿಗೆಯೇ ಕುಂಠಿತವಾಗಿ ಊದಿಕೊಳ್ಳುತ್ತಾನೆ. ಹಾಗಾಗಿ ಪ್ರತಿ ಸಲ ಅಳೆದು ಪ್ರಮಾಣ ಬದಲಿಸುತ್ತಾರೆ. ಕಪ್ಪು ಬಣ್ಣ ತಿಳಿಯಾಗಿದೆ. ಮೀಯಿಸುವ ಅಮ್ಮ ಮೊನ್ನೆ ಸಿಕ್ಕಿ, "ನಾನು ಹೇಳಿರಲಿಲ್ವಾ?" ಅಂದರು.

ಊಟ ಮಾಡಲು ಶುರು ಮಾಡಿದ್ದಾನೆ, ಇನ್ನು ಬೇರೆ ಉಪ್ಪು ಬೇಡ, ಅಡುಗೆಯದ್ದೇ ಸಾಕು ಅಂತ ಈ ಸಲ ಡಾಕ್ಟರು ಹೇಳಿದರು. ಡಬ್ಬಿಯಲ್ಲಿ ಆಚಾರ್ರು ಕಟ್ಟಿದ ಹನ್ನೊಂದು ಪೊಟ್ಟಣ ಉಳಿದಿತ್ತು. ಬಿಸಾಡಲು ಹೋದರೆ ಅಜ್ಜಿ ಬಿಡಲಿಲ್ಲ. ದಿನಾ ಬೆಳಿಗ್ಗೆ ಒಂದೊಂದು ಬಿಚ್ಚಿ ತಮ್ಮ ಗಂಜಿಗೆ ಹಾಕಿಕೊಳ್ಳುತ್ತಿದ್ದಾರೆ. ಇವತ್ತಿಗೆ ನಾಲ್ಕು ಉಳಿದಿದೆ. ಇಂಜೆಕ್ಷನ್ ಸೀಸೆಯ ಅವಧಿ ಬರುವ ತಿಂಗಳು ಮುಗಿಯುತ್ತದೆ, ನಾಳೆ ಹೋಗಿ ಹೊಸತು ಎರಡು ತರಬೇಕು.